ಹಳೆಯ ಮನೆತನದ ಕೋವಿಯ ಲೋಹಕ್ಕೆ ಯಾವ ಫಿನಿಶ್ ಸರಿ?

ಅಜ್ಜನ ಕಾಲದ ಕೋವಿ ಕೈಗೆ ಬಂದಾಗ ಸಾಮಾನ್ಯವಾಗಿ ಅದರ ನಳಿಗೆ ಕಂದುಬಣ್ಣಕ್ಕೆ ತಿರುಗಿರುತ್ತದೆ, ಕೈ ಹಿಡಿಯುವ ಜಾಗದಲ್ಲಿ ಬ್ಲೂಯಿಂಗ್ (ಉಕ್ಕಿಗೆ ಕೊಟ್ಟ ನೀಲಿಗಪ್ಪು ಪದರ) ಪೂರ್ತಿ ಸವೆದಿರುತ್ತದೆ, ಮೂತಿಯ ಹತ್ತಿರ ತುಕ್ಕಿನ ಚುಕ್ಕೆ ಇರುತ್ತವೆ. ಹೊಸದಾಗಿ ಕಪ್ಪು ಮಾಡಿಸಬೇಕೆಂದು ಹೊರಟವರಿಗೆ ಐದಾರು ದಾರಿಗಳು ಎದುರಾಗುತ್ತವೆ: ಕೋಲ್ಡ್ ಬ್ಲೂ, ಬಿಸಿ ಉಪ್ಪಿನ ಬ್ಲೂಯಿಂಗ್, ತುಕ್ಕು ಬ್ಲೂಯಿಂಗ್, ಕಂದು ಫಿನಿಶ್, ಪಾರ್ಕರೈಸಿಂಗ್, ಸೆರಾಕೋಟ್. ಇವುಗಳಲ್ಲಿ ಯಾವುದು ಚೆಂದ ಎಂಬ ಪ್ರಶ್ನೆ ಆಮೇಲಿನದು. ಯಾವುದನ್ನು ಈ ಕೋವಿ ತಡೆದುಕೊಳ್ಳುತ್ತದೆ ಎಂಬುದು ಮೊದಲನೆಯದು. ಅದನ್ನು ತೀರ್ಮಾನಿಸುವುದು ನಳಿಗೆಗಳನ್ನು ಹೇಗೆ ಜೋಡಿಸಿದ್ದಾರೆ, ಯಾವ ಲೋಹದಿಂದ ಮಾಡಿದ್ದಾರೆ ಎಂಬ ಎರಡು ಸಂಗತಿಗಳು. ಇದನ್ನು ನೋಡದೆ ಕೋವಿಯನ್ನು ಬಿಸಿ ಕಾಸ್ಟಿಕ್ ಸೋಡಾ ತೊಟ್ಟಿಗೆ ಇಳಿಸಿ ಹಾಳು ಮಾಡಿಕೊಂಡವರು ಬಹಳ ಮಂದಿ.

ಕೈ ಹಾಕುವ ಮುಂಚೆ ನೋಡಬೇಕಾದದ್ದು

ಕೋವಿ ಖಾಲಿಯಿದೆಯೇ ಎಂದು ಕಣ್ಣಿನಿಂದಲೂ ಬೆರಳಿನಿಂದಲೂ ನೋಡಿ, ತೋಟಾ ಕೂರುವ ಚೇಂಬರ್ ಮತ್ತು ಮ್ಯಾಗಜೀನ್ ಎರಡನ್ನೂ. ಆಮೇಲೆ ನಳಿಗೆಯ ಕೆಳಗಿನ ಫೋರ್‌ಎಂಡ್ ಮರ ತೆಗೆದು, ನಳಿಗೆ ಬಿಚ್ಚಿ ಪಕ್ಕಕ್ಕಿಡಿ.

ಜೋಡುನಳಿಗೆಯಾದರೆ ನಾದದ ಪರೀಕ್ಷೆ ಮಾಡಿ. ನಳಿಗೆಯ ಕೆಳಗಿನ ಕೊಕ್ಕೆಗೆ ದಾರ ಕಟ್ಟಿ, ಬೇರೆ ಯಾವುದಕ್ಕೂ ತಾಗದಂತೆ ನೇತುಹಾಕಿ, ಬೆರಳಿನ ಗೆಣ್ಣಿನಿಂದ ಮೆಲ್ಲಗೆ ತಟ್ಟಿ. ಎರಡು ನಳಿಗೆಗಳ ನಡುವೆ ಬೆಸೆದ ಉದ್ದ ಪಟ್ಟಿಗಳಾದ ರಿಬ್‌ಗಳ ಬೆಸುಗೆ ಗಟ್ಟಿಯಾಗಿದ್ದರೆ ಗಂಟೆಯಂತೆ ಉದ್ದನೆಯ ನಾದ ಬರುತ್ತದೆ. ಎಲ್ಲೋ ಬಿಟ್ಟುಕೊಂಡಿದ್ದರೆ ದನಿ ಮೊಂಡಾಗಿರುತ್ತದೆ, ಇಲ್ಲವೇ ಝರ್ ಎಂದು ನಡುಗಿ ನಿಲ್ಲುತ್ತದೆ. ಬೆಸುಗೆ ಬಿಟ್ಟ ನಳಿಗೆಗೆ ಯಾವ ಫಿನಿಶ್ ಕೊಟ್ಟರೂ ಹಣ ದಂಡ. ಸಂದಿಯೊಳಗೆ ನುಗ್ಗಿದ ನೀರು, ಆಸಿಡ್, ಉಪ್ಪು ಒಳಗಿನಿಂದಲೇ ತಿನ್ನುತ್ತಾ ಹೋಗುತ್ತದೆ. ಮೊದಲು ರಿಬ್ ಮತ್ತೆ ಬೆಸೆಸಬೇಕು.

ಎರಡನೆಯದು ಡಮಾಸ್ಕಸ್. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಸುತ್ತಿ ಬಡಿದು ಮಾಡಿದ ಹಳೆಯ ನಳಿಗೆಗಳಲ್ಲಿ ಸುರುಳಿ ಚಿತ್ತಾರವಿರುತ್ತದೆ. ಬಣ್ಣ ಮಾಸಿದ್ದರೆ ಅದು ಕಾಣದಿರಬಹುದು. ಅಗ್ಗದ ಕೋವಿಗಳಲ್ಲಿ ಮಾಮೂಲಿ ಉಕ್ಕಿನ ಮೇಲೆ ಚಿತ್ತಾರವನ್ನು ಸುಮ್ಮನೆ ಮೂಡಿಸಿರುವುದೂ ಉಂಟು. ಫೋರ್‌ಎಂಡ್ ಮರದಡಿ ಮರೆಯಾಗುವ ಜಾಗದಲ್ಲಿ ಬೆರಳಗಲದಷ್ಟನ್ನು 400ರ ಎಮರಿ ಕಾಗದದಿಂದ ಉಜ್ಜಿ, ಒಂದು ಹನಿ ತೆಳುವಾದ ಫೆರಿಕ್ ಕ್ಲೋರೈಡ್ ಸವರಿ ನೋಡಿ. ನಿಜವಾದ ಡಮಾಸ್ಕಸ್ ಆಗಿದ್ದರೆ ಗೆರೆಗಳು ಅರ್ಧ ನಿಮಿಷದಲ್ಲಿ ಎದ್ದು ಬರುತ್ತವೆ. ತಕ್ಷಣ ಅಡುಗೆ ಸೋಡಾ ನೀರಿನಿಂದ ತೊಳೆದು ಎಣ್ಣೆ ಹಚ್ಚಿ. ಇಂಥ ನಳಿಗೆಯಲ್ಲಿ ಇಂದಿನ ಹೊಗೆರಹಿತ ಮದ್ದಿನ ತೋಟಾ ಹಾರಿಸುವುದು ಅಪಾಯ, ಫಿನಿಶ್ ಎಷ್ಟು ಹೊಸದಾಗಿ ಕಂಡರೂ ಅದು ಬದಲಾಗುವುದಿಲ್ಲ.

ಮೂರನೆಯದು ಗೋಡೆಯ ದಪ್ಪ. ತುಕ್ಕಿನ ಗುಳಿ ಹೋಗಬೇಕಾದರೆ ಗುಳಿಯ ತಳದವರೆಗೆ ಸುತ್ತಲಿನ ಲೋಹವನ್ನೆಲ್ಲ ಇಳಿಸಬೇಕು. ನಳಿಗೆಯ ನಡುಭಾಗ ಮೊದಲೇ ತೆಳು. ಅಲ್ಲಿ 0.5 ಮಿಲಿಮೀಟರಿನ ಆಸುಪಾಸಿಗೆ ಬಂದ ಗೋಡೆಯನ್ನು ಇನ್ನೂ ಅರೆಯಬಾರದು ಎಂಬುದು ಕಸುಬುದಾರರ ರೂಢಿ. ಹೊರಗಿನಿಂದ ಕ್ಯಾಲಿಪರ್ ಹಿಡಿದರೆ ಈ ದಪ್ಪ ತಿಳಿಯುವುದಿಲ್ಲ. ಅದಕ್ಕೆಂದೇ ಇರುವ ಗೋಡೆ ಅಳೆಯುವ ಗೇಜ್ ಬೇಕು. ನಳಿಗೆಗಳ ನಡುವೆ ದಪ್ಪ ಒಂದೇ ಸಮನಾಗಿರುವುದೂ ಇಲ್ಲ, ಸುತ್ತಲೂ ಅಳೆಸಿ.

ರಿಸೀವರಿಗೆ (ನಳಿಗೆ ಕೂರುವ, ಕೋವಿಯ ನಡುವಿನ ಯಂತ್ರಭಾಗಕ್ಕೆ) ಅಯಸ್ಕಾಂತ ಹಿಡಿಯಿರಿ. ಅಂಟದಿದ್ದರೆ ಅದು ಹೆಚ್ಚಾಗಿ ಅಲ್ಯೂಮಿನಿಯಂ. ಕಾಸ್ಟಿಕ್ ಇರುವ ತೊಟ್ಟಿಯಲ್ಲಿ ನೊರೆಯೆದ್ದು ಕರಗುತ್ತದೆ. ರಿಸೀವರಿನ ಮೂಲೆಗಳಲ್ಲಿ ನೀಲಿ, ಕಂದು, ಹುಲ್ಲಿನ ಬಣ್ಣದ ಮೋಡದಂಥ ಕಲೆ ಉಳಿದಿದ್ದರೆ ಅದು ಕೇಸ್ ಹಾರ್ಡನಿಂಗ್, ಅಂದರೆ ಇದ್ದಿಲಿನಲ್ಲಿ ಕಾಯಿಸಿ ಗಟ್ಟಿ ಮಾಡಿದ ಮೇಲ್ಪದರ. ಅದಕ್ಕೆ ಬ್ಲೂಯಿಂಗ್ ಸಲ್ಲದು. ಸ್ಟಾಕ್ (ಭುಜಕ್ಕೆ ಒರಗಿಸುವ ಮರದ ಭಾಗ) ಬಿಚ್ಚಿ ಮರಕ್ಕೆ ತಾಗುವ ಲೋಹವನ್ನೂ ನೋಡಿ. 1960ರ ದಶಕದ ಕೊನೆಯಿಂದ 1970ರ ದಶಕದ ಆರಂಭದವರೆಗಿನ ಕೆಲವು ಬ್ರೌನಿಂಗ್ ಕೋವಿಗಳಿಗೆ ಉಪ್ಪು ಹಾಕಿ ಬೇಗ ಒಣಗಿಸಿದ ವಾಲ್ನಟ್ ಮರ ಬಳಸಿದ್ದರು. ಆ ಮರ ಬದಲಿಸದೆ ಲೋಹಕ್ಕೆ ಏನು ಮಾಡಿದರೂ ತುಕ್ಕು ಅಲ್ಲಿಂದಲೇ ಮರುಕಳಿಸುತ್ತದೆ. ಮರದ ಒಳಮೈ ಕೊಂಚ ಕೆರೆದು ಶೇಕಡಾ 1ರ ಸಿಲ್ವರ್ ನೈಟ್ರೇಟ್ ದ್ರಾವಣ ಹನಿಸಿದಾಗ ಬಿಳಿ ಬಣ್ಣ ಬಂದರೆ ಉಪ್ಪಿದೆ ಎಂದು ಅರ್ಥ.

ಕೊನೆಗೆ ಕೋವಿಯ ಸಂಖ್ಯೆ ಮತ್ತು ಪ್ರೂಫ್ ಮುದ್ರೆಗಳು (ನಳಿಗೆಯನ್ನು ಪರೀಕ್ಷಿಸಿದ ಗುರುತುಗಳು). ಪಾಲಿಶ್ ಚಕ್ರಕ್ಕೆ ಇವು ಬಲಿಯಾಗುವುದೇ ಹೆಚ್ಚು. ಸಂಖ್ಯೆ ಅಳಿದ ಕೋವಿ ಇಟ್ಟುಕೊಳ್ಳುವುದು ಅನೇಕ ದೇಶಗಳಲ್ಲಿ ಅಪರಾಧ. ಕೆಲಸಕ್ಕೆ ಮುಂಚೆ ಎಲ್ಲ ಮುದ್ರೆಗಳ ಫೋಟೋ ತೆಗೆದಿಡಿ. ಕೋವಿಯನ್ನು ವರ್ಕ್‌ಶಾಪಿನಲ್ಲಿ ಬಿಟ್ಟುಬರಲು ಯಾವ ಕಾಗದ ಬೇಕು ಎಂಬುದನ್ನೂ ನಿಮ್ಮಲ್ಲಿನ ಕಾನೂನಿನ ಪ್ರಕಾರ ತಿಳಿದುಕೊಳ್ಳಿ.

ಹೊಸ ಫಿನಿಶ್ ಬೇಡ, ತುಕ್ಕು ನಿಂತರೆ ಸಾಕು

ಈ ಆಯ್ಕೆಯನ್ನು ಬಹಳ ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಆದರೆ ಅರ್ಧಕ್ಕಿಂತ ಹೆಚ್ಚು ಮೂಲ ಬ್ಲೂಯಿಂಗ್ ಉಳಿದ ಕೋವಿಗೆ, ಹೆಸರಾಂತ ತಯಾರಕರ ಕೋವಿಗೆ, ಕೆತ್ತನೆಯಿರುವ ಕೋವಿಗೆ ನಮ್ಮ ಮೊದಲ ಸಲಹೆ ಇದೇ. ಪಾರ್ಕರ್, ಎಲ್.ಸಿ. ಸ್ಮಿತ್, ಎ.ಎಚ್. ಫಾಕ್ಸ್ ಮೊದಲಾದ ಹಳೆಯ ಜೋಡುನಳಿಗೆಗಳಲ್ಲಿ ಮಾಸಿದ ಮೂಲ ಫಿನಿಶ್‌ಗೆ ಇರುವ ಬೆಲೆ ಹೊಳೆಯುವ ಹೊಸ ಫಿನಿಶ್‌ಗೆ ಸಿಗುವುದಿಲ್ಲ. ಒಮ್ಮೆ ಪಾಲಿಶ್ ಮಾಡಿದ ಮೇಲೆ ಹಿಂದಕ್ಕೆ ಹೋಗುವ ದಾರಿಯೂ ಇಲ್ಲ.

ಇದರಲ್ಲಿ ಎರಡು ಮೆಟ್ಟಿಲುಗಳಿವೆ. ತೆಳು ತುಕ್ಕಾದರೆ ತೆಳುವಾದ ಎಣ್ಣೆ ಸುರಿದು ಒಂದು ರಾತ್ರಿ ಬಿಟ್ಟು, 0000 ದರ್ಜೆಯ ಸ್ಟೀಲ್ ವೂಲ್‌ನಿಂದ ಒತ್ತಡವಿಲ್ಲದೆ ಉಜ್ಜಿದರೆ ಸಾಕು. ಕೆಂಪು ಪುಡಿ ಎಣ್ಣೆಗೆ ಬರುತ್ತದೆ, ಕಪ್ಪು ಪದರ ಲೋಹದ ಮೇಲೇ ಉಳಿಯುತ್ತದೆ. ಗುಳಿಯೊಳಗೆ ಕೂತ ಗಟ್ಟಿ ತುಕ್ಕಿಗೆ ಒಂದು ಉಪಾಯವಿದೆ: ನಳಿಗೆಯ ಎಣ್ಣೆ ಪೂರ್ತಿ ತೆಗೆದು ಡಿಸ್ಟಿಲ್ಡ್ ನೀರಿನಲ್ಲಿ 20ರಿಂದ 30 ನಿಮಿಷ ಕುದಿಸುವುದು. ಕುದಿಯುವ ನೀರಿನಲ್ಲಿ ಕೆಂಪು ತುಕ್ಕು ಮ್ಯಾಗ್ನೆಟೈಟ್ ಎಂಬ ಕಪ್ಪು ಆಕ್ಸೈಡ್ ಆಗುತ್ತದೆ. ಬ್ಲೂಯಿಂಗ್ ಪದರವೂ ಅದೇ ವಸ್ತು. ಮೇಲಿನ ಸಡಿಲ ಮಸಿಯನ್ನು ಎಣ್ಣೆಯಿಲ್ಲದ ಸ್ಟೀಲ್ ವೂಲ್‌ನಿಂದ ಉಜ್ಜಿ ತೆಗೆದರೆ ಅಡಿಯಲ್ಲಿ ಕಪ್ಪು ಬಣ್ಣ ಉಳಿದಿರುತ್ತದೆ. ಹೊಸ ಬಣ್ಣ ಹಚ್ಚದೆಯೂ ಕೋವಿ ಹತ್ತು ವರ್ಷ ಚಿಕ್ಕದಾದಂತೆ ಕಾಣುವುದುಂಟು.

ಇಲ್ಲಿ ಮಾಡಬಾರದ್ದು: ವಿನೆಗರ್, ನಿಂಬೆರಸ, ಫಾಸ್ಫಾರಿಕ್ ಆಸಿಡ್ ಇರುವ ತುಕ್ಕು ತೆಗೆಯುವ ಜೆಲ್. ಇವು ತುಕ್ಕನ್ನು ತೆಗೆಯುತ್ತವೆ ನಿಜ, ಜೊತೆಗೆ ಉಳಿದ ಬ್ಲೂಯಿಂಗನ್ನೂ ನಿಮಿಷಗಳಲ್ಲಿ ಬೋಳಿಸುತ್ತವೆ.

ಕೋಲ್ಡ್ ಬ್ಲೂ: ಗೀರಿಗೆ ಸೈ, ಇಡೀ ಕೋವಿಗಲ್ಲ

ಬಾಟಲಿಯಲ್ಲಿ ಸಿಗುವ ಕೋಲ್ಡ್ ಬ್ಲೂ ಹೆಚ್ಚಾಗಿ ಸೆಲೆನಿಯಸ್ ಆಸಿಡ್ ಮತ್ತು ತಾಮ್ರದ ಲವಣದ ದ್ರಾವಣ. ಅದು ಉಕ್ಕನ್ನು ಆಕ್ಸೈಡ್ ಮಾಡುವುದಿಲ್ಲ, ತಾಮ್ರ ಮತ್ತು ಸೆಲೆನಿಯಂ ಸೇರಿದ ತೆಳುವಾದ ಕಪ್ಪು ಲೇಪವನ್ನು ಮೇಲೆ ಕೂರಿಸುತ್ತದೆ. ಹಾಗಾಗಿಯೇ ಕೈ ತಾಗುವಲ್ಲಿ, ಚೀಲಕ್ಕೆ ಉಜ್ಜುವಲ್ಲಿ ಬೇಗ ಹೋಗುತ್ತದೆ. ತಿರುಪಿನ ತಲೆ, ಅಂಚಿನ ಗೀರು, ಟ್ರಿಗರ್ ಗಾರ್ಡಿನ ಸವೆದ ಬೆನ್ನು, ಇಂಥವಕ್ಕೆ ಇದಕ್ಕಿಂತ ಸುಲಭದ್ದು ಬೇರೆ ಇಲ್ಲ.

ಜಾಗವನ್ನು ಅಸಿಟೋನ್‌ನಿಂದ ಎರಡು ಸಲ ಒರೆಸಿ, ಹೇರ್ ಡ್ರೈಯರಿನಿಂದ ಕೈಗೆ ಬೆಚ್ಚಗೆನಿಸುವಷ್ಟು ಬಿಸಿ ಮಾಡಿ, ಹತ್ತಿಯಿಂದ ಹಚ್ಚಿ ಒಂದು ನಿಮಿಷ ಬಿಡಿ. ನೀರಿನಿಂದ ಚೆನ್ನಾಗಿ ತೊಳೆದು, ಒಣಗಿಸಿ, 0000 ಸ್ಟೀಲ್ ವೂಲ್ ಮೆಲ್ಲಗೆ ಆಡಿಸಿ. ಮೂರ್ನಾಲ್ಕು ಸಲ ಮಾಡಿದರೆ ಬಣ್ಣ ಗಾಢವಾಗುತ್ತದೆ. ಕಡೆಗೆ ಎಣ್ಣೆ ಹಚ್ಚಿ ರಾತ್ರಿಯಿಡೀ ಬಿಡಿ. ತೊಳೆಯುವುದರಲ್ಲಿ ಆತುರಪಟ್ಟರೆ ಉಳಿದ ಆಸಿಡ್ ಮಾರನೆಯ ದಿನವೇ ಹೊಸ ತುಕ್ಕು ತರುತ್ತದೆ. ಹಳೆಯ ಬ್ಲೂಯಿಂಗ್ ಪಕ್ಕದಲ್ಲಿ ಬಣ್ಣ ಹೊಂದದೆ ಬೂದುಛಾಯೆ ಬರಬಹುದು. ಅದಕ್ಕೆ ಅಂಚನ್ನು ಹೊರಗೆ ಎಳೆದು ಮಸುಕಾಗಿಸಬೇಕು. ಸೆಲೆನಿಯಂ ವಿಷ. ಕೈಗವಸು ಹಾಕಿ, ಗಾಳಿಯಾಡುವ ಜಾಗದಲ್ಲಿ ಕೆಲಸ ಮಾಡಿ.

ಇಡೀ ನಳಿಗೆಗೆ ಕೋಲ್ಡ್ ಬ್ಲೂ ಹಚ್ಚಿದರೆ ಮೋಡ ಮೋಡವಾಗಿ ಬರುತ್ತದೆ, ಮೂಗಿನ ಹತ್ತಿರ ಹಿಡಿದರೆ ಒಂದು ಬಗೆಯ ಲೋಹದ ವಾಸನೆ ಉಳಿದಿರುತ್ತದೆ. ಹಳೆಯ ಕೋವಿ ಕೊಳ್ಳುವವರು ಈ ವಾಸನೆಯಿಂದಲೇ ತೇಪೆ ಕೆಲಸವನ್ನು ಪತ್ತೆಹಚ್ಚುತ್ತಾರೆ.

ಬಿಸಿ ಉಪ್ಪಿನ ಬ್ಲೂಯಿಂಗ್

ಕಾರ್ಖಾನೆಯ ಕೋವಿಗಳ ಹೊಳೆಯುವ ಕಪ್ಪು ಇದರಿಂದಲೇ ಬರುವುದು. ಕಾಸ್ಟಿಕ್ ಸೋಡಾ ಮತ್ತು ಸೋಡಿಯಂ ನೈಟ್ರೇಟನ್ನು ನೀರಿನಲ್ಲಿ ಸಾಂದ್ರವಾಗಿ ಕರಗಿಸಿ, 135ರಿಂದ 150 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಸಿ, ಪಾಲಿಶ್ ಮಾಡಿದ ಭಾಗವನ್ನು 15ರಿಂದ 30 ನಿಮಿಷ ಮುಳುಗಿಸುತ್ತಾರೆ. ಕುದಿಯುವ ಬಿಂದು ನೀರು ಮತ್ತು ಉಪ್ಪಿನ ಪ್ರಮಾಣದ ಮೇಲೆ ನಿಂತಿದೆ. ನೀರು ಆವಿಯಾದಂತೆ ಶಾಖ ಏರಿ ಬಣ್ಣ ಕೆಂಪಿಗೆ ತಿರುಗುತ್ತದೆ, ನೀರು ಹೆಚ್ಚಾದರೆ ಬಣ್ಣವೇ ಹಿಡಿಯುವುದಿಲ್ಲ. ಎರಕದ ರಿಸೀವರ್ ಕೆಲವೊಮ್ಮೆ ನೇರಳೆಯಾಗುವುದು ಮಿಶ್ರಲೋಹದ ದೆಸೆಯಿಂದ, ತೊಟ್ಟಿಯವನ ತಪ್ಪಿನಿಂದಲ್ಲ.

ಉಕ್ಕಿನ ಒಂಟಿನಳಿಗೆ, ರಿಬ್ ಇಲ್ಲದ ಪಂಪ್ ಕೋವಿ, ಬೋಲ್ಟ್ ಕೋವಿ ಆಗಿದ್ದರೆ ಇದೇ ಸರಿಯಾದ ದಾರಿ. ಒಂದೇ ದಿನದ ಕೆಲಸ, ಬಾಳಿಕೆ ಒಳ್ಳೆಯದು, ಹೊಳಪು ಪಾಲಿಶ್ ಎಷ್ಟು ಚೆನ್ನಾಗಿದೆಯೋ ಅಷ್ಟು. 600ರ ಕಾಗದದವರೆಗೆ ಉಜ್ಜಿದ ಲೋಹ ಗಾಜಿನಂತೆ ಬರುತ್ತದೆ.

ಹಳೆಯ ಜೋಡುನಳಿಗೆಗೆ ಮಾತ್ರ ಇದು ಬೇಡವೇ ಬೇಡ. ಶಾಖದಿಂದ ಬೆಸುಗೆ ಕರಗುತ್ತದೆ ಎಂದು ಕೆಲವರು ಹೇಳುವುದುಂಟು, ಅದು ಸರಿಯಲ್ಲ. ತವರ-ಸೀಸದ ಬೆಸುಗೆ ಕರಗಲು ಕನಿಷ್ಠ 183 ಡಿಗ್ರಿ ಬೇಕು, ತೊಟ್ಟಿ ಅಷ್ಟು ಬಿಸಿಯಾಗುವುದಿಲ್ಲ. ಬೆಸುಗೆಯನ್ನು ತಿನ್ನುವುದು ಕಾಸ್ಟಿಕ್. ತವರ, ಸೀಸ ಎರಡೂ ಬಿಸಿ ಕ್ಷಾರದಲ್ಲಿ ಕರಗುತ್ತವೆ. ಕೋವಿ ತೊಟ್ಟಿಯಿಂದ ಹೊರಬಂದಾಗ ಚೆನ್ನಾಗಿಯೇ ಕಾಣುತ್ತದೆ. ವಾರಗಳ ನಂತರ ರಿಬ್ಬಿನ ಅಂಚಿನುದ್ದಕ್ಕೂ ಬಿಳಿ ಹರಳು ಕಾಣಿಸಿಕೊಳ್ಳುತ್ತದೆ. ಒಳಗೆ ಸಿಕ್ಕಿಕೊಂಡ ಉಪ್ಪು ತೇವ ಹೀರಿ ಹೊರಬರುತ್ತಿರುತ್ತದೆ. ಆ ಹೊತ್ತಿಗೆ ರಿಬ್ಬಿನಡಿ ತುಕ್ಕು ಶುರುವಾಗಿರುತ್ತದೆ. ಕೆಲವು ಹೊಸ ಜೋಡುನಳಿಗೆಗಳಲ್ಲಿ ರಿಬ್ಬನ್ನು ಗಟ್ಟಿ ಬೆಸುಗೆಯಿಂದ ಕೂರಿಸಿರುತ್ತಾರೆ, ಅವು ತಡೆಯುತ್ತವೆ. ಆದರೆ ಹಳೆಯ ಕೋವಿಯಲ್ಲಿ ಅನುಮಾನವಿದ್ದರೆ ತವರ-ಸೀಸದ ಮೆತ್ತನೆ ಬೆಸುಗೆ ಎಂದೇ ತಿಳಿಯಿರಿ. ಮೇಲೆ ಎತ್ತರದ, ಗಾಳಿಗಂಡಿಗಳ (ವೆಂಟಿಲೇಟೆಡ್) ರಿಬ್ ಇರುವ ಒಂಟಿನಳಿಗೆಗೂ ಇದೇ ಪ್ರಶ್ನೆ ಕೇಳಿ.

ಮನೆಯಲ್ಲಿ ಮಾಡುವ ಕೆಲಸವಲ್ಲ ಇದು. 140 ಡಿಗ್ರಿಯ ಕಾಸ್ಟಿಕ್‌ಗೆ ತಣ್ಣೀರು ಸುರಿದರೆ ಅದು ಸಿಡಿಯುತ್ತದೆ. ಕಣ್ಣಿಗೆ ಬಿದ್ದ ಹನಿ ದೃಷ್ಟಿಯನ್ನೇ ಕಳೆಯಬಹುದು.

ತುಕ್ಕು ಬ್ಲೂಯಿಂಗ್: ಜೋಡುನಳಿಗೆಯ ಸಹಜ ಫಿನಿಶ್

ಹಳೆಯ ಒಳ್ಳೆಯ ಜೋಡುನಳಿಗೆಗಳ ಮೂಲ ಕಪ್ಪು ಹೆಚ್ಚಾಗಿ ಇದೇ. ಉಕ್ಕಿನ ಮೇಲೆ ಬೇಕೆಂದೇ ನಯವಾದ ತುಕ್ಕು ಬೆಳೆಸಿ, ಕುದಿಸಿ ಕಪ್ಪು ಮಾಡಿ, ಉಜ್ಜಿ, ಮತ್ತೆ ಬೆಳೆಸುವ ಕ್ರಮ. 100 ಡಿಗ್ರಿ ಮೀರುವುದಿಲ್ಲ, ಕಾಸ್ಟಿಕ್ ಇಲ್ಲ, ಆದ್ದರಿಂದ ಬೆಸುಗೆಗೆ ಅಪಾಯವಿಲ್ಲ. ಬಣ್ಣ ಮೃದುವಾದ ಹೊಳಪಿನ ನೀಲಿಗಪ್ಪು, ಬಾಳಿಕೆ ಬಿಸಿ ಉಪ್ಪಿನದಕ್ಕೆ ಸಮ ಅಥವಾ ಮಿಗಿಲು. ಕೊರತೆ ಒಂದೇ: ವಾರಗಟ್ಟಲೆ ತಾಳ್ಮೆ ಬೇಕು. ಮನೆಯಲ್ಲಿ ಮಾಡಬಹುದಾದ ಫಿನಿಶ್‌ಗಳಲ್ಲಿ ನಾವು ಧೈರ್ಯವಾಗಿ ಶಿಫಾರಸು ಮಾಡುವುದು ಇದೊಂದನ್ನೇ.

ಮೊದಲು ಪಾಲಿಶ್. ಗುಳಿಯಿದ್ದರೆ 180ರ ಕಾಗದದಿಂದ, ಇಲ್ಲವಾದರೆ 240ರಿಂದ ಶುರುಮಾಡಿ 320, ಆಮೇಲೆ 400. ಇದಕ್ಕಿಂತ ಹೆಚ್ಚು ನಯ ಬೇಡ, ಕನ್ನಡಿಯಂಥ ಮೈಮೇಲೆ ದ್ರಾವಣ ಹರಡದೆ ಹನಿಗಟ್ಟುತ್ತದೆ. ಕಾಗದವನ್ನು ಮರದ ಚಪ್ಪಟೆ ತುಂಡಿಗೋ ಗಟ್ಟಿ ರಬ್ಬರಿಗೋ ಸುತ್ತಿಯೇ ಉಜ್ಜಬೇಕು; ಬೆರಳಿನಿಂದ ಒತ್ತಿದರೆ ಮೆತ್ತನೆ ಜಾಗದಲ್ಲಿ ತಗ್ಗು ಬೀಳುತ್ತದೆ. ಪ್ರತಿ ದರ್ಜೆಯಲ್ಲೂ ಹಿಂದಿನ ದರ್ಜೆಯ ಗೀರು ಪೂರ್ತಿ ಹೋಗುವವರೆಗೆ ಮುಂದಕ್ಕೆ ಹೋಗಬೇಡಿ, ಕೊನೆಯ ಉಜ್ಜು ನಳಿಗೆಯ ಉದ್ದಕ್ಕೇ ಇರಲಿ. ಸಮವಾಗಿದೆಯೇ ಎಂದು ನೋಡಲು ನಳಿಗೆಯನ್ನು ಕಿಟಕಿಯ ಕಡೆ ಹಿಡಿದು, ಚೌಕಟ್ಟಿನ ನೆರಳುಗೆರೆ ಮೈಮೇಲೆ ಓಡುವುದನ್ನು ಗಮನಿಸಿ, ಮೆಲ್ಲಗೆ ತಿರುಗಿಸಿ. ಗೆರೆ ಎಲ್ಲಿ ಹಾವಿನಂತೆ ಬಳುಕುತ್ತದೋ ಅಲ್ಲಿ ಅಲೆ ಉಳಿದಿದೆ. ಬಟ್ಟೆಯ ಪಾಲಿಶ್ ಚಕ್ರವನ್ನು ದೂರವಿಡಿ. ಅದು ರಿಬ್ಬಿನ ಅಂಚನ್ನು ಉರುಟಾಗಿಸುತ್ತದೆ, ತಿರುಪಿನ ತೂತನ್ನು ತಟ್ಟೆಯಂತೆ ತೆರೆಯುತ್ತದೆ, ಅಕ್ಷರಗಳನ್ನು ತೊಳೆದುಹಾಕುತ್ತದೆ. ಕೆಟ್ಟ ಮರುಫಿನಿಶ್ ಗುರುತಿಸಲು ಅನುಭವಿಗಳು ಬಣ್ಣ ನೋಡುವುದಿಲ್ಲ, ತಿರುಪಿನ ತೂತಿನ ಅಂಚು ನೋಡುತ್ತಾರೆ.

ಒಳಮೈ ಮತ್ತು ಚೇಂಬರಿಗೆ ಅರಗಿನ ವಾರ್ನಿಶ್ ಎರಡು ಪದರ ಹಚ್ಚಿ ಒಣಗಿಸಿ. ಒಳಗೆ ಎಣ್ಣೆ ಸವರಿ ಬಿಡುವುದು ಸುಲಭವೆನಿಸಬಹುದು, ಆದರೆ ಕುದಿಯುವಾಗ ಎಣ್ಣೆ ಮೇಲೆ ತೇಲಿ ನಳಿಗೆಯನ್ನು ಹೊರತೆಗೆಯುವಾಗ ಅದರ ಮೈಗೇ ಅಂಟುತ್ತದೆ. ಹಿಡಿದೆತ್ತಲು ಒಂದು ತುದಿಗೆ ಮರದ ಬಿರಡೆ ಬಡಿಯಿರಿ. ಎರಡೂ ತುದಿ ಬಿಗಿದರೆ ಕುದಿಯುವಾಗ ಒಳಗಿನ ಗಾಳಿ ಹಿಗ್ಗಿ ಬಿರಡೆ ಚಿಮ್ಮುತ್ತದೆ, ಜೊತೆಗೆ ಬಿಸಿನೀರೂ.

ಎಣ್ಣೆ ತೆಗೆಯುವುದೇ ಇಡೀ ಕೆಲಸದ ಜೀವ. ಜೋಡುನಳಿಗೆಯ ರಿಬ್ಬಿನಡಿ ದಶಕಗಳ ಎಣ್ಣೆ ಅಡಗಿರುತ್ತದೆ, ಮೊದಲ ಕುದಿಗೆ ಅದು ಸಂದಿಯಿಂದ ಜಿನುಗುತ್ತದೆ. ಆದ್ದರಿಂದ ದ್ರಾವಣ ಹಚ್ಚುವ ಮುಂಚೆ ಬರೀ ನೀರಿನಲ್ಲಿ ಒಂದೆರಡು ಸಲ ಕುದಿಸಿ, ಹೊರಬಂದ ಎಣ್ಣೆ ಒರೆಸಿ, ನೀರು ಚೆಲ್ಲಿ. ಆಮೇಲೆ ಅಸಿಟೋನ್, ನಂತರ ಸೀಮೆಸುಣ್ಣದ ನಯವಾದ ಪುಡಿಯನ್ನು ನೀರಿನಲ್ಲಿ ಕಲಸಿ ಉಜ್ಜಿ ತೊಳೆಯುವುದು. ನೀರು ಹನಿಗಟ್ಟದೆ ಹಾಳೆಯಂತೆ ಮೈಮೇಲೆ ನಿಂತರೆ ಶುದ್ಧವಾಗಿದೆ. ಇಲ್ಲಿಂದ ಮುಂದೆ ಬರಿಗೈ ತಾಗಿಸುವಂತಿಲ್ಲ. ಸ್ಟೀಲ್ ವೂಲ್‌ಗೂ ಕಾರ್ಖಾನೆಯಲ್ಲೇ ಎಣ್ಣೆ ಹಚ್ಚಿರುತ್ತಾರೆ. ಅದನ್ನೂ ಅಸಿಟೋನ್‌ನಲ್ಲಿ ಅದ್ದಿ ಒಣಗಿಸಿ.

ದ್ರಾವಣವನ್ನು ಸಿದ್ಧವಾಗಿಯೇ ಕೊಳ್ಳಿ. ನೈಟ್ರಿಕ್ ಮತ್ತು ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ಕಬ್ಬಿಣ ಕರಗಿಸಿ ಮಾಡುವ ಹಳೆಯ ಪಾಕಗಳು ಕೆಂಪು ಹೊಗೆ ಕಕ್ಕುತ್ತವೆ, ಮನೆಗೆ ತಕ್ಕುದಲ್ಲ. ಹತ್ತಿಯನ್ನು ಅದ್ದಿ ಹಿಂಡಿ, ಒದ್ದೆ ಎನ್ನಲೂ ಆಗದಷ್ಟು ಒಣಗಿಸಿಕೊಂಡು, ಬ್ರೀಚಿನಿಂದ (ನಳಿಗೆಯ ಹಿಂದಿನ ತುದಿಯಿಂದ) ಮೂತಿಯವರೆಗೆ ಒಂದೇ ಎಳೆತ. ಹಿಂದಕ್ಕೆ ಬರಬೇಡಿ, ಬಿಟ್ಟುಹೋದ ಜಾಗವನ್ನು ಈಗ ತಿದ್ದಬೇಡಿ, ಮುಂದಿನ ಸುತ್ತಿನಲ್ಲಿ ಅದು ತಾನಾಗಿ ತುಂಬುತ್ತದೆ. ಹತ್ತಿ ಹೆಚ್ಚು ಒದ್ದೆಯಾದರೆ ದ್ರಾವಣ ಹರಿದ ಗೆರೆ ಉಳಿಯುತ್ತದೆ, ಮುಂದೆ ಅದೇ ಗೆರೆಯಲ್ಲಿ ಗುಳಿ ಬೀಳುತ್ತದೆ.

ಹಚ್ಚಿದ ನಳಿಗೆಯನ್ನು ತೇವದ ಪೆಟ್ಟಿಗೆಯಲ್ಲಿ ನೇತುಹಾಕಿ. ಮರದ ಉದ್ದನೆ ಪೆಟ್ಟಿಗೆ, ಕೆಳಗೆ ನೀರಿನ ತಟ್ಟೆ, ಅದನ್ನು ಬೆಚ್ಚಗಿಡಲು ಒಂದು ಬಲ್ಬು. 27ರಿಂದ 32 ಡಿಗ್ರಿ, ತೇವಾಂಶ ಶೇಕಡಾ 70-80. ಬೇಸಿಗೆಯಲ್ಲಿ ಒಣ ಗಾಳಿಯಿರುವ ಊರಿನಲ್ಲಿ ಪೆಟ್ಟಿಗೆ ಇಲ್ಲದೆ ಆಗದು, ಮಳೆಗಾಲದಲ್ಲಿ ಕೆಲವೊಮ್ಮೆ ಕೋಣೆಯೇ ಸಾಕು. ಮೊದಲ ಸುತ್ತಿಗೆ ಮೂರರಿಂದ ಆರು ಗಂಟೆ, ದ್ರಾವಣಕ್ಕೆ ತಕ್ಕಂತೆ ಹೆಚ್ಚು ಕಡಿಮೆ. ಗಂಟೆಗೊಮ್ಮೆ ನೋಡಿ. ಬೇಕಾದದ್ದು ಹಿಟ್ಟು ಚೆಲ್ಲಿದಂಥ ತೆಳು, ಸಮವಾದ ಕಿತ್ತಳೆ-ಕಂದು ತುಕ್ಕು. ರವೆಯಂತೆ ಕಾಳುಗಟ್ಟಿದರೆ ಹೊತ್ತು ಮೀರಿದೆ. ನಳಿಗೆಯ ಮೇಲೆ ನೀರಿನ ಹನಿ ಕೂತರೆ ತೇವ ಹೆಚ್ಚಾಗಿದೆ, ಬಲ್ಬಿನ ಶಾಖ ಕೊಂಚ ಏರಿಸಿ ನೀರಿನ ತಟ್ಟೆ ಚಿಕ್ಕದು ಮಾಡಿ.

ಮುಂದಿನದು ಕುದಿ. 76 ಸೆಂಟಿಮೀಟರ್ ನಳಿಗೆಗೆ 90 ಸೆಂಟಿಮೀಟರ್ ಉದ್ದದ ಸ್ಟೇನ್‌ಲೆಸ್ ತೊಟ್ಟಿ ಬೇಕು, ಎರಡು ಒಲೆ. ಅಲ್ಯೂಮಿನಿಯಂ, ಸತು ಲೇಪದ ತಗಡು ಬೇಡ. ನೀರು ಡಿಸ್ಟಿಲ್ಡ್ ಅಥವಾ ಶುದ್ಧ ಮಳೆನೀರು. ಬೋರ್‌ವೆಲ್ಲಿನ ಗಡಸು ನೀರು ಬೂದು ಕಲೆ ಬಿಡುತ್ತದೆ, ಅದನ್ನು ಮುಂದಿನ ಸುತ್ತುಗಳೂ ಮುಚ್ಚುವುದಿಲ್ಲ. ನೀರು ಮೊದಲೇ ತಳಮಳ ಕುದಿಯುತ್ತಿರಲಿ, 15-20 ನಿಮಿಷ ಸಾಕು. ಮೇಲೆತ್ತಿದ ನಳಿಗೆ ಕಪ್ಪು ಮಖಮಲ್ಲಿನಂತೆ ಕಾಣುತ್ತದೆ, ತನ್ನ ಬಿಸಿಗೇ ಒಣಗುತ್ತದೆ. ಆ ಮಸಿಯನ್ನು ಸ್ಟೀಲ್ ವೂಲ್‌ನಿಂದ ಒತ್ತದೆ ಉಜ್ಜಿ. ಅಡಿಯಲ್ಲಿ ತೆಳು ಬೂದುಬಣ್ಣ ಮಾತ್ರ ಕಂಡು ನಿರಾಸೆಯಾಗುತ್ತದೆ, ಮೊದಲ ಸುತ್ತಿಗೆ ಅದು ಸರಿಯೇ. ಮೂರನೆಯದರಿಂದ ಕಪ್ಪು ಗಟ್ಟಿಯಾಗತೊಡಗಿ, ಆರರಿಂದ ಎಂಟು ಸುತ್ತಿಗೆ ಮುಗಿಯುತ್ತದೆ. ಹಿಂದಿನದಕ್ಕಿಂತ ಬಣ್ಣ ಹೆಚ್ಚಾಗದಿದ್ದರೆ ನಿಲ್ಲಿಸಿ.

ಮಸಿ ಉಜ್ಜುವಾಗ ಬರಿಯ ಉಕ್ಕು ಮಚ್ಚೆಯಾಗಿ ಕಂಡರೆ ಅಲ್ಲಿ ಎಣ್ಣೆಯಿದೆ. ಇಡೀ ನಳಿಗೆಯನ್ನು ಮತ್ತೆ ಶುದ್ಧಮಾಡಿ ಮುಂದುವರಿಸಿ. ಒಂದೆರಡು ಸುತ್ತಿನಲ್ಲಿ ಸರಿಹೋಗುತ್ತದೆ. ತಾಮ್ರದ ಬಣ್ಣದ ಚುಕ್ಕೆ ಬಂದರೆ ದ್ರಾವಣ ಹೆಚ್ಚಾಗಿದೆ, ಹತ್ತಿಯನ್ನು ಇನ್ನಷ್ಟು ಹಿಂಡಿ. ಕೊನೆಯ ಸುತ್ತಿನ ನಂತರ ಅಡುಗೆ ಸೋಡಾ ಹಾಕಿದ ನೀರಿನಲ್ಲಿ ಹತ್ತು ನಿಮಿಷ ಕುದಿಸಿ ಆಸಿಡನ್ನು ಕೊಂದು, ಶುದ್ಧ ನೀರಿನಲ್ಲಿ ತೊಳೆದು, ಬಿಸಿಯಿರುವಾಗಲೇ ಎಣ್ಣೆ ಧಾರಾಳವಾಗಿ ಹಚ್ಚಿ. ರಿಬ್ಬಿನ ಸಂದಿಗೆ ನೀರು ಹೊರದೂಡುವ ಎಣ್ಣೆ ಹಾಯಿಸಿ, ಬೆಚ್ಚಗಿನ ಜಾಗದಲ್ಲಿ ತಲೆಕೆಳಗಾಗಿ ನಿಲ್ಲಿಸಿ. ಒಳಗಿನ ವಾರ್ನಿಶನ್ನು ಸ್ಪಿರಿಟ್‌ನಿಂದ ತೆಗೆಯುವುದನ್ನು ಮರೆಯಬೇಡಿ.

ಇದರ ಅವಸರದ ರೂಪವೂ ಒಂದಿದೆ. ನಳಿಗೆಯನ್ನು ಕುದಿನೀರಿನಲ್ಲಿ ಕಾಯಿಸಿ, ಬಿಸಿಯಿರುವಾಗಲೇ ದ್ರಾವಣ ಸವರಿದರೆ ಅದು ಕ್ಷಣದಲ್ಲಿ ಒಣಗಿ ತುಕ್ಕಾಗುತ್ತದೆ. ಐದು ನಿಮಿಷ ಕುದಿಸಿ, ಉಜ್ಜಿ, ಮತ್ತೆ ಮಾಡುವುದು. ಒಂದೇ ದಿನದಲ್ಲಿ ಮುಗಿಯುತ್ತದೆ, ತೇವದ ಪೆಟ್ಟಿಗೆ ಬೇಡ. ಮೈ ನಿಧಾನದ್ದರಷ್ಟು ನಯ ಬರುವುದಿಲ್ಲ. ಇದರ ಹಳೆಯ ಪಾಕಗಳಲ್ಲಿ ಮರ್ಕ್ಯೂರಿಕ್ ಕ್ಲೋರೈಡ್ ಇರುತ್ತಿತ್ತು, ಬಿಸಿ ಲೋಹದ ಮೇಲೆ ಅದರ ಆವಿ ಕಡುವಿಷ. ಬಾಟಲಿಯ ಮೇಲೆ ಪಾದರಸದ ಹೆಸರಿದ್ದರೆ ವಾಪಸ್ ಇಡಿ.

ಕಂದು ಫಿನಿಶ್ ಮತ್ತು ಡಮಾಸ್ಕಸ್

ಮೇಲಿನದೇ ಕ್ರಮ, ಕುದಿ ಮಾತ್ರ ಇಲ್ಲ. ತುಕ್ಕನ್ನು ಕಂದಾಗಿಯೇ ಬಿಟ್ಟು, ಉಜ್ಜಿ ಪದರ ಪದರವಾಗಿ ಕೂರಿಸಿ, ಕೊನೆಗೆ ಸೋಡಾ ನೀರಿನಿಂದ ಆಸಿಡ್ ತಡೆದು ಎಣ್ಣೆ ಹಚ್ಚುವುದು. ಮೂತಿಯಿಂದ ಮದ್ದು ತುಂಬುವ ಹಳೆಯ ಕೋವಿಗಳಿಗೆ ಇದೇ ಒಪ್ಪುತ್ತದೆ. ನಿಜವಾದ ಡಮಾಸ್ಕಸ್‌ಗೆ ಕಂದೂ ಸರಿ, ಕಪ್ಪು-ಬಿಳಿಯೂ ಸರಿ; ಕಪ್ಪು-ಬಿಳಿಗೆ ತುಕ್ಕು ಬ್ಲೂಯಿಂಗಿನ ಸುತ್ತುಗಳ ನಡುವೆ ತೀರಾ ತೆಳುವಾದ ಫೆರಿಕ್ ಕ್ಲೋರೈಡಿನಲ್ಲಿ ಕೆಲವು ಸೆಕೆಂಡು ಅದ್ದಿ ಕಬ್ಬಿಣ ಮತ್ತು ಉಕ್ಕಿನ ಗೆರೆಗಳನ್ನು ಬೇರ್ಪಡಿಸುತ್ತಾರೆ. ಸೆಕೆಂಡು ಹೆಚ್ಚಾದರೆ ಚಿತ್ತಾರ ಉಬ್ಬಿ ಒರಟಾಗುತ್ತದೆ. ಇದನ್ನು ಕಲಿತವರಿಗೇ ಬಿಡಿ.

ರಿಸೀವರ್ ಮತ್ತು ತಿರುಪುಗಳು

ಕೇಸ್ ಹಾರ್ಡನಿಂಗ್ ಬಣ್ಣ ಮೂಳೆ ಇದ್ದಿಲು ಮತ್ತು ಮರದ ಇದ್ದಿಲಿನಲ್ಲಿ ಸುಮಾರು 700-800 ಡಿಗ್ರಿಗೆ ಕಾಯಿಸಿ ನೀರಿಗೆ ಮುಳುಗಿಸಿದಾಗ ಬರುವಂಥದ್ದು. ರಿಸೀವರ್ ಸೊಟ್ಟಗಾಗುವ ಅಪಾಯವಿರುವುದರಿಂದ ಒಳಗೆ ಉಕ್ಕಿನ ಅಚ್ಚು ಬಿಗಿದು ಮಾಡುತ್ತಾರೆ. ದುಬಾರಿ, ಅಪರೂಪದ ಕಸುಬು. ಇದಕ್ಕೆ ಬದಲಿಯಾಗಿ ಗ್ಯಾಸ್ ಟಾರ್ಚಿನಿಂದ ಬಣ್ಣ ಎಬ್ಬಿಸಿಕೊಡುತ್ತೇವೆ ಎನ್ನುವವರಿಗೆ ಕೋವಿ ಕೊಡಬೇಡಿ. ಬಣ್ಣ ಬರುತ್ತದೆ, ಅದರ ಜೊತೆಗೆ ಗಟ್ಟಿ ಮೇಲ್ಪದರ ಮೆತ್ತಗಾಗುತ್ತದೆ. ನಳಿಗೆಯನ್ನು ಹಿಡಿದಿಡುವ ಭಾಗವೇ ಅದು. ಬಣ್ಣ ಹೋಗಿ ಬೆಳ್ಳಿಬೂದಾದ ರಿಸೀವರನ್ನು ಹಾಗೆಯೇ ಬಿಟ್ಟು ಮೇಣ ಹಚ್ಚುವುದು ಒಳ್ಳೆಯದು. ಹೊಸ ಕಪ್ಪು ನಳಿಗೆಯ ಪಕ್ಕದಲ್ಲಿ ಅದು ಚೆನ್ನಾಗಿಯೇ ಹೊಂದುತ್ತದೆ.

ತಿರುಪು, ಪಿನ್ನುಗಳಿಗೆ ಕರಗಿದ ನೈಟ್ರೇಟ್ ಉಪ್ಪಿನಲ್ಲಿ 290-310 ಡಿಗ್ರಿಗೆ ಬರುವ ನವಿಲುನೀಲಿ ಸೊಗಸು. ಬೆಸುಗೆ ಕರಗುವ ಶಾಖ ಇದಾದ್ದರಿಂದ ನಳಿಗೆಗೆ ಸಲ್ಲದು, ಸ್ಪ್ರಿಂಗ್ ಮತ್ತು ಸಿಯರ್ (ಟ್ರಿಗರ್ ಎಳೆಯುವವರೆಗೆ ಸುತ್ತಿಗೆಯನ್ನು ಹಿಡಿದಿಡುವ ತುಂಡು) ಇವಕ್ಕೂ ಬೇಡ. ಒದ್ದೆ ತಿರುಪು ಹಾಕಿದರೆ ಉಪ್ಪು ಸಿಡಿಯುತ್ತದೆ.

ಪಾರ್ಕರೈಸಿಂಗ್, ಸೆರಾಕೋಟ್

ಇವೆರಡೂ ದುಡಿಯುವ ಕೋವಿಯ ಫಿನಿಶ್‌ಗಳು. ಪಾರ್ಕರೈಸಿಂಗ್ ಎಂದರೆ ಮ್ಯಾಂಗನೀಸ್ ಫಾಸ್ಫೇಟ್ ದ್ರಾವಣದಲ್ಲಿ 88ರಿಂದ 98 ಡಿಗ್ರಿಯಲ್ಲಿ ಮೂಡುವ ಮಂಕು ಬೂದುಗಪ್ಪು. ಸೇನೆಯ ಬಂದೂಕುಗಳಿಂದ ಪರಿಚಿತ. ಎಣ್ಣೆ ಹೀರಿ ಹಿಡಿದಿಟ್ಟುಕೊಳ್ಳುವುದು ಇದರ ಗುಣ. ಮೈಗೆ ಮೊದಲು ಮರಳು ಊದಬೇಕು. ಆಸಿಡ್ ದ್ರಾವಣ ರಿಬ್ಬಿನಡಿ ನುಗ್ಗುವುದರಿಂದ ಜೋಡುನಳಿಗೆಗೆ ಇದೂ ಇಲ್ಲ.

ಸೆರಾಕೋಟ್ ಸೆರಾಮಿಕ್ ಬೆರೆಸಿದ ಲೇಪ. ಸುಮಾರು 25 ಮೈಕ್ರಾನ್ ದಪ್ಪ, ಸುಮಾರು 120 ಡಿಗ್ರಿಯಲ್ಲಿ ಎರಡು ಗಂಟೆ ಬೇಯಿಸುತ್ತಾರೆ. ಉಪ್ಪುಗಾಳಿ, ಬೆವರು, ಮಳೆಗೆ ಇದರಷ್ಟು ತಡೆ ಬೇರಾವುದಕ್ಕೂ ಇಲ್ಲ, ಅಲ್ಯೂಮಿನಿಯಂ ರಿಸೀವರಿಗೂ ಹಿಡಿಯುತ್ತದೆ. ಬೆಸುಗೆಗೂ ಆ ಶಾಖ ಅಪಾಯವಲ್ಲ. ಆದರೆ ಲೇಪ ಹಿಡಿಯಲು ಅಲ್ಯೂಮಿನಿಯಂ ಆಕ್ಸೈಡಿನ ಮರಳನ್ನು ಊದಲೇಬೇಕು, ಅಲ್ಲಿಗೆ ಕೆತ್ತನೆಯ ಹರಿತ ಹೋಯಿತು. ರಿಬ್ಬಿನಡಿಯ ಹಳೆಯ ಎಣ್ಣೆ ಒಲೆಯಲ್ಲಿ ಹೊರಬಂದು ಲೇಪವನ್ನು ಎಬ್ಬಿಸುತ್ತದೆ, ಆದ್ದರಿಂದ ಲೇಪಕ್ಕೆ ಮುಂಚೆಯೇ ಒಮ್ಮೆ ಕಾಯಿಸಿ ಎಣ್ಣೆ ಹೊರಡಿಸಿದ್ದಾರೆಯೇ ಎಂದು ಕೇಳಿ. ನಳಿಗೆಯ ಚಪ್ಪಟೆ ತಳ, ಹಿಂಜಿನ ಕೊಕ್ಕೆ, ಬ್ರೀಚಿನ ಮುಖ ಇವಕ್ಕೆ ಟೇಪ್ ಹಚ್ಚಿ ಮುಚ್ಚದಿದ್ದರೆ ಕೋವಿ ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲ. ಕೆತ್ತನೆಯೂ ಹೆಸರೂ ಇಲ್ಲದ, ಮಳೆಯಲ್ಲಿ ತೋಟ ಸುತ್ತುವ ಒಂಟಿನಳಿಗೆಗೆ ಇದನ್ನು ಮಾಡಿಸುವುದರಲ್ಲಿ ತಪ್ಪೇನಿಲ್ಲ. ಮನೆತನದ ಜೋಡುನಳಿಗೆಗೆ ಬಣ್ಣ ಬಳಿದಂತಾಗುತ್ತದೆ.

ವರ್ಕ್‌ಶಾಪಿನಲ್ಲಿ ಕೇಳಬೇಕಾದ ಮಾತು

ಜೋಡುನಳಿಗೆ ತೋರಿಸಿ "ಯಾವ ಬ್ಲೂಯಿಂಗ್ ಮಾಡುತ್ತೀರಿ?" ಎಂದು ಕೇಳಿ. ಉತ್ತರಕ್ಕೆ ಮುಂಚೆ ರಿಬ್ಬಿನ ಬೆಸುಗೆ ಯಾವುದು ಎಂದು ಅವರೇ ವಿಚಾರಿಸಿದರೆ ನಂಬಬಹುದು. ಎಲ್ಲ ಕೋವಿಗೂ ಒಂದೇ ತೊಟ್ಟಿ ಎಂದರೆ ಕೋವಿ ವಾಪಸ್ ತನ್ನಿ. ಪಾಲಿಶ್ ಕೈಯಲ್ಲೋ ಚಕ್ರದಲ್ಲೋ, ಅಕ್ಷರಗಳ ಸುತ್ತ ಹೇಗೆ ಉಜ್ಜುತ್ತಾರೆ, ಗೋಡೆಯ ದಪ್ಪ ಅಳೆಯುತ್ತಾರೆಯೇ, ಇವನ್ನೂ ಕೇಳಿ. ಅವರು ಮುಗಿಸಿದ ಒಂದು ಹಳೆಯ ಕೋವಿ ನೋಡಲು ಸಿಕ್ಕರೆ ತಿರುಪಿನ ತೂತನ್ನೇ ಮೊದಲು ನೋಡಿ.

ಹೊಸ ಫಿನಿಶ್ ಬಂದ ಮೇಲೆ ಮೊದಲ ಒಂದೆರಡು ವಾರ ಎರಡು ದಿನಕ್ಕೊಮ್ಮೆ ಎಣ್ಣೆಬಟ್ಟೆಯಿಂದ ಒರೆಸಿ, ರಿಬ್ಬಿನ ಅಂಚಿನಲ್ಲಿ ಕೆಂಪು ಅಥವಾ ಬಿಳಿ ಗೆರೆ ಕಾಣುತ್ತದೆಯೇ ಎಂದು ನೋಡುತ್ತಿರಿ. ಕಂಡರೆ ತಡಮಾಡದೆ ಮಾಡಿಸಿದವರಿಗೆ ತೋರಿಸಿ. ಕೋವಿಯನ್ನು ಚರ್ಮದ ಅಥವಾ ಉಣ್ಣೆ ಒಳಪದರದ ಚೀಲದಲ್ಲಿ ಇಡಬೇಡಿ, ಅದು ತೇವವನ್ನು ಬಿಡುವುದಿಲ್ಲ. ಬೀರುವಿನಲ್ಲಿ ಮೂತಿ ಕೆಳಗೆ ಮಾಡಿ ನಿಲ್ಲಿಸಿದರೆ ಹೆಚ್ಚಾದ ಎಣ್ಣೆ ಸ್ಟಾಕಿನ ಮರಕ್ಕೆ ಇಳಿಯುವುದಿಲ್ಲ.